ನೆನಪಿಲ್ಲದ ಪೆಟ್ಟಿಗೆ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಹಾಡು ಹಾಕುವ ಪೆಟ್ಟಿಗೆಯೊಂದಿದೆ. ಅದಕ್ಕೆ ಸ್ಪೀಕರ್ ಎನ್ನಬೇಕಂತೆ. ಅತ್ತೆ ‘ಪೆಟ್ಗಿ’ ಎಂದದ್ದೇ ಮನೆಯಲ್ಲಿ ಉಳಿದುಬಿಟ್ಟಿತು. ಹೋದ ವಾರ ಅದರ ಬ್ಯಾಟರಿ ಊದಿಕೊಂಡು ಬೆನ್ನಿನ ಮುಚ್ಚಳ ಬಾಯಿಬಿಟ್ಟಿತು. ರಬ್ಬರ್ ಬ್ಯಾಂಡ್ ಹಾಕಿ ಮುಚ್ಚಲು ಹೋದರೆ ಒಳಗಿನಿಂದ ಒಣಗಿದ ಹಾಲಿನ ಹುಳಿ ವಾಸನೆ ಬಂತು. ಅಷ್ಟಕ್ಕೇ ನನ್ನ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು. ಹಾಲಿನ ವಾಸನೆಗೆ ಹೆದರುವವರನ್ನು ನೀವು ನೋಡಿರಲಿಕ್ಕಿಲ್ಲ. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ನಾನು ಹುಟ್ಟಾ ಪುಕ್ಕಲು. ಬೆಳೆದದ್ದು ಬ್ರಹ್ಮಾವರದ ಪೇಟೆಯಲ್ಲಿ, ಹೈವೇ ಬದಿಯ ಮನೆಯಲ್ಲಿ. ಅಲ್ಲಿ ಕತ್ತಲೆ ಎಂದರೆ ಕರೆಂಟು ಹೋದಾಗ ಮಾತ್ರ ಬರುವ ನೆಂಟ. ಮದುವೆಯಾಗಿ ಬಂದದ್ದು ಹೆಮ್ಮಾಡಿಯಿಂದ ಸಾಕಷ್ಟು ಒಳಗಿನ ಈ ಮನೆಗೆ. ಮುಂದೆ ಬೈಲು, ಅಂದರೆ ಗದ್ದೆಗಳ ಸಾಲು. ಬೈಲಿನ ಕೊನೆಗೆ ನೀರು ಹರಿಯುವ ತೋಡು, ತೋಡು ದಾಟಲು ಒಂದು ಸಣ್ಣ ಸಂಕ. ಸಂಕದ ಆಚೆ ಅಕೇಶಿಯಾ ತೋಪು, ತೋಪು ಕಳೆದರೆ ರಸ್ತೆ, ರಸ್ತೆಯ ಬದಿಗೆ ಹಾಲಿನ ಡೈರಿ. ಹಗಲು ನೋಡಿದರೆ ಚಂದದ ದಾರಿ. ಆದರೆ ಡೈರಿಯವರು ಹಾಲು ಅಳೆಯುವುದು ಬೆಳಕು ಹರಿಯುವ ಮೊದಲೇ.

ನಮ್ಮವರಿಗೆ ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಕೆಲಸ. ದೋಣಿಗಳು ಹೊರಡುವ ಹೊತ್ತಿಗೆ ಅವರು ಅಲ್ಲಿರಬೇಕು. ಹಾಗಾಗಿ ಕ್ಯಾನ್ ಹೊತ್ತು ಡೈರಿಗೆ ಹೋಗುವುದು ಅತ್ತೆಯ ಪಾಲಿಗೆ. ನಾನು ಹೋಗುತ್ತೇನೆ ಎಂದು ಬಾಯಿಮಾತಿಗೆ ಹೇಳಿದ್ದೂ ಉಂಟು. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನೀ ಹೆದ್ರ್ಕಂಡ್ ಹೋರೆ ಅದ್ಕೆ ಗೊತ್ತಾತ್ತ್” ಎಂದರು. ಅದು ಎಂದರೆ ಚಿರತೆ. ಅತ್ತೆ ಅದರ ಹೆಸರು ಹೇಳುತ್ತಿರಲಿಲ್ಲ. ಆ ವರ್ಷ ಅಕ್ಕಪಕ್ಕದ ಮನೆಗಳ ನಾಯಿಗಳು ಒಂದೊಂದಾಗಿ ಕಾಣೆಯಾಗಿದ್ದವು. ತೋಪಿನ ಹಸಿ ಮಣ್ಣಿನಲ್ಲಿ ಹೆಜ್ಜೆ ಕಂಡವರಿದ್ದರು. ಅತ್ತೆ ಮಾತ್ರ ತನಗೆ ಹೆದರಿಕೆ ಎಂಬುದೇ ಇಲ್ಲ ಎನ್ನುತ್ತಿದ್ದರು. ಹಾಗೆಂದವರೇ ಒಂದು ದಿನ, ಕುಂದಾಪುರಕ್ಕೆ ಹೋಗಿ ಹಾಡು ಹಾಕುವ ಪೆಟ್ಟಿಗೆ ತರುವ ಎಂದು ಸೀರೆ ಬದಲಿಸಿ ಹೊರಟರು.

ಅಂಥ ಪೆಟ್ಟಿಗೆ ಕೊಳ್ಳುವಾಗ ಏನೇನು ನೋಡಬೇಕು ಎಂದು ನಿಮಗೆ ಯಾರಾದರೂ ಹೇಳಿಕೊಟ್ಟಿರಬಹುದು. ಅಂಗಡಿಯಾತ ನಮಗೂ ಹೇಳಿಕೊಟ್ಟ. ಬೇಸ್ ಹೇಗಿದೆ ನೋಡಿ, ಬ್ಲೂಟೂತ್ ನೋಡಿ, ಹಾಡಿನ ತಾಳಕ್ಕೆ ಬಣ್ಣದ ಲೈಟು ಕುಣಿಯುತ್ತದೆ ನೋಡಿ ಎಂದ. ಕಿವಿಯೊಳಗೆ ಇಟ್ಟುಕೊಳ್ಳುವುದನ್ನೂ ತೋರಿಸಿ, ಇದನ್ನು ಹಾಕಿಕೊಂಡರೆ ಹೊರಗಿನ ಒಂದು ಸದ್ದೂ ಕೇಳಿಸುವುದಿಲ್ಲ ಎಂದು ಹೆಮ್ಮೆಪಟ್ಟ. ಬೆನ್ನ ಹಿಂದೆ ತರಗೆಲೆ ಸರಿದರೂ ಕೇಳಿಸದು ಎಂದು ಯೋಚಿಸಿ ನಾನು ಅಲ್ಲೇ ಬೆವರಿದೆ. ಕೊನೆಗೆ ಅವನು, ಅಮ್ಮ ಯಾವ ನಮೂನೆಯ ಹಾಡು ಕೇಳುತ್ತೀರಿ ಎಂದು ವಿಚಾರಿಸಿದ.

“ನಾ ಕೇಂಬುಕಲ್ಲ. ಅದ್ ಕೇಂಬುಕೆ” ಎಂದರು ಅತ್ತೆ.

ಹಾಡು ಚಿರತೆಗೆ ಕೇಳಿಸಲಿಕ್ಕೆ ಎಂದು ತಿಳಿದ ಮೇಲೆ ಅವನು ನಗಲಿಲ್ಲ. ಅವನೂ ಶಿರೂರು ಕಡೆಯ ಕಾಡಂಚಿನವನೇ. ಆಮೇಲೆ ಪರೀಕ್ಷೆ ಅತ್ತೆಯ ಕ್ರಮದಲ್ಲಿ ನಡೆಯಿತು. ಅವನನ್ನು ಪೆಟ್ಟಿಗೆ ಸಮೇತ ರಸ್ತೆಯ ಆಚೆ ಬದಿಗೆ ಕಳುಹಿಸಿ, ತಾವು ಅಂಗಡಿಯ ಬಾಗಿಲಲ್ಲಿ ಅತ್ತ ಬೆನ್ನು ಮಾಡಿ ನಿಂತರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರು, ನಾನು ಯಾರೋ ಎಂಬಂತೆ ಬೋರ್ಡು ಓದುತ್ತಿದ್ದೆ. ಬೇಸ್ ಬೇಡ, ಬರೀ ಡಬಡಬ ಎಂದರೆ ಅದು ಹೆದರುವುದಿಲ್ಲ, ಮನುಷ್ಯರ ಸ್ವರ ಸ್ಪಷ್ಟವಾಗಿ ಕೇಳಬೇಕು ಎಂದರು. ಕತ್ತಲೆಯಲ್ಲಿ ಬೆರಳಿಗೆ ಸಿಗುವಂಥ ದೊಡ್ಡ ಗುಂಡಿ ಬೇಕು, ಕೈ ಒದ್ದೆ ಇದ್ದರೂ ಜಾರದ ಹಿಡಿ ಬೇಕು, ಟಾರ್ಚ್ ಇದ್ದರೆ ಒಳ್ಳೆಯದು. ಹೀಗೆ ನೋಡಿ ಆರಿಸಿದ್ದು ಈ ಪೆಟ್ಟಿಗೆಯನ್ನು.

ಒಳಗೆ ಏನು ತುಂಬಿಸುವುದು ಎಂಬುದು ಮುಂದಿನ ಪ್ರಶ್ನೆ. ಹಾಡಾದರೆ ಒಂದೇ ಸ್ವರ. ಇಬ್ಬರು ಗಂಡಸರು ಜೋರಾಗಿ ಜಗಳ ಮಾಡಿಕೊಂಡು ಜೊತೆಗೆ ಬರುವಂತಿರಬೇಕು ಎಂದು ಅತ್ತೆ ತಾಳಮದ್ದಳೆ ಹಾಕಿಸಿದರು. ವೇಷ ಕಟ್ಟದೆ, ಕುಣಿಯದೆ, ಕೂತಲ್ಲೇ ಮಾತಿನಲ್ಲಿ ಪ್ರಸಂಗ ನಡೆಸುವ ಆಟವಲ್ಲವೇ ಅದು. ನಮ್ಮವರು ಪರಿಚಯದವರ ಮನೆಯಲ್ಲಿ ಮೊಬೈಲಿನಲ್ಲಿ ಹಿಡಿದುಕೊಂಡ ಒಂದು ತುಂಡು ಇತ್ತು. ಮೊದಲು ಹಾಡುವ ಭಾಗವತರ ಒಂದು ಪದ್ಯ, ಆಮೇಲೆ ದಾರಿ ಬಿಡು ಎಂದು ಒಬ್ಬ, ಬಿಡಲಾರೆ ಎಂದು ಇನ್ನೊಬ್ಬ. ನಡುವೆ ಒಳಗೆಲ್ಲೋ ಸ್ಟೀಲ್ ತಟ್ಟೆ ಬೀಳುತ್ತದೆ, ಆಮೇಲೆ ಯಾರೋ ಕೆಮ್ಮುತ್ತಾರೆ. ಮೆಮೊರಿ ಕಾರ್ಡಿನಲ್ಲಿ ಅದೊಂದೇ ಇದ್ದದ್ದು.

ಪೆಟ್ಟಿಗೆಗೆ ಒಂದು ದೋಷವಿತ್ತು. ಆರಿಸಿ ಮತ್ತೆ ಹಾಕಿದರೆ ಹಿಂದಿನ ದಿನ ಎಲ್ಲಿ ನಿಲ್ಲಿಸಿದೆವು ಎಂಬ ನೆನಪು ಅದಕ್ಕಿರಲಿಲ್ಲ, ಮೊದಲಿನಿಂದಲೇ ಶುರು. ಬದಲಿಸಿ ತರುವ ಎಂದು ನಾನು ಹಾರಾಡಿದೆ, ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ದಿನ ಕಳೆದ ಹಾಗೆ ಆ ದೋಷವೇ ನಮಗೆ ಅಭ್ಯಾಸವಾಯಿತು. ಅತ್ತೆ ಅಂಗಳದ ಮೆಟ್ಟಿಲಿನಲ್ಲಿ ಗುಂಡಿ ಒತ್ತುವರು. ಭಾಗವತರ ಪದ್ಯ ಮುಗಿಯುವಾಗ ಬೈಲಿನ ನಡುವಿನ ಗಿರಿಜಕ್ಕನ ಮನೆ ದಾಟುವರು. ತಟ್ಟೆ ಬೀಳುವಾಗ ಸರಿಯಾಗಿ ಸಂಕದ ಮೇಲೆ. ಆಮೇಲೆ ಅಕೇಶಿಯಾ ತೋಪು ಸದ್ದನ್ನು ನುಂಗಿಬಿಡುತ್ತಿತ್ತು. ಕೆಮ್ಮು ನನಗೆ ಕೇಳಿಸುತ್ತಿರಲಿಲ್ಲ, ಕೇಳಿಸಲೂಬಾರದು. ಹಟ್ಟಿಯಲ್ಲಿ ಸಗಣಿ ಬಾಚುತ್ತಲೇ ನಾನು ಅತ್ತೆ ಎಲ್ಲಿದ್ದಾರೆಂದು ತಿಳಿಯುತ್ತಿದ್ದೆ. ಬೈಲಿನ ಅಂಚಿನ ಮನೆಗಳಿಗೆಲ್ಲ ಅದು ಗೊತ್ತಿತ್ತು. ಪದ್ಯ ಕೇಳಿದರೆ ಗಿರಿಜಕ್ಕ ಚಾಕ್ಕೆ ನೀರಿಡುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ತಟ್ಟೆ ಬಿದ್ದ ಸದ್ದು ಜೋರಾಗಿ ಕೇಳಿಸಿತು. ಇರಬೇಕಾದದ್ದಕ್ಕಿಂತ ಜೋರಾಗಿ. ಚಪ್ಪಲಿ ಹರಿದಿರಬಹುದು, ನಿಂತು ಸರಿಮಾಡಿಕೊಳ್ಳುತ್ತಿರಬಹುದು ಎಂದು ನಾನು ಸಗಣಿ ಬುಟ್ಟಿ ಹಿಡಿದುಕೊಂಡೇ ಕಿವಿಗೊಟ್ಟೆ. ದಾರಿ ಬಿಡು, ಬಿಡಲಾರೆ. ಮಾತು ಮುಂದೆ ಹೋಗುತ್ತಿತ್ತು, ಸದ್ದು ಹೋಗುತ್ತಿರಲಿಲ್ಲ. ಆಮೇಲೆ ಕೆಮ್ಮು ಕೇಳಿಸಿತು. ಅಷ್ಟು ದಿನ ಮನೆಯಿಂದ ಒಮ್ಮೆಯೂ ಕೇಳಿಸದ ಕೆಮ್ಮು ಕಿವಿಯ ಪಕ್ಕದಲ್ಲೇ ಕೆಮ್ಮಿದ ಹಾಗಿತ್ತು. ಬುಟ್ಟಿ ಎಲ್ಲಿ ಬಿಟ್ಟೆನೋ ತಿಳಿಯದು. ಓಡಿದೆ.

ಧೈರ್ಯದಿಂದ ಓಡಿದೆ ಎಂದುಕೊಳ್ಳಬೇಡಿ. ಬುದ್ಧಿಗೆ ಹೊಳೆಯುವ ಮೊದಲೇ ಕಾಲು ಓಡಿತ್ತು. ದಾರಿಯುದ್ದಕ್ಕೂ ನನ್ನ ಮನಸ್ಸಿಗೆ ಕಂಡದ್ದು ಒಂದೇ: ಕ್ಯಾನ್ ಉರುಳಿಬಿದ್ದಿದೆ, ಹಾಲು ಗದ್ದೆಗೆ ಹರಿದಿದೆ, ಪೆಟ್ಟಿಗೆಯೊಂದೇ ಮಾತಾಡುತ್ತಿದೆ. ಗಿರಿಜಕ್ಕನೂ ಸ್ಟೀಲ್ ಬಕೆಟ್ ಹಿಡಿದು ಅಂಗಳಕ್ಕೆ ಬಂದು ನಿಂತಿದ್ದಳು.

“ಪೆಟ್ಗಿ ಮುಂದ್ ಹೋತಿಲ್ಲೆ ಮಾರಾಯ್ತಿ” ಎಂದಳು.

ಇಬ್ಬರೂ ಗದ್ದೆಯ ಅಂಚಿಗೆ ಇಳಿಯುವಷ್ಟರಲ್ಲಿ ಮದ್ದಳೆ ಬಾರಿಸಿ ತುಂಡು ಮುಗಿಯಿತು. ಗದ್ದೆಯ ಕಪ್ಪೆಯೂ ಕೂಗುತ್ತಿರಲಿಲ್ಲ. ಅತ್ತೆ ಎಂದು ಕರೆಯಲು ಬಾಯಿ ತೆರೆದು ಮತ್ತೆ ಮುಚ್ಚಿದೆ. ಉತ್ತರ ಬಾರದಿದ್ದರೆ ಎಂಬ ಭಯ.

ಆಗ ಕತ್ತಲೆಯೊಳಗಿನಿಂದ ಅತ್ತೆಯ ಸ್ವರ ಬಂತು. ಗಟ್ಟಿಯಾಗಿ.

“ಯಾರು ನೀನು? ಈ ದಾರಿಯಲ್ಲಿ ನಿನಗೇನು ಕೆಲಸ?”

ಎದುರು ಮಾತನ್ನೂ ಅವರೇ ಹೇಳಿದರು. ಮನೆಯಲ್ಲಿ ‘ಬತ್ತೆ, ಹೋತೆ’ ಎನ್ನುವ ಅತ್ತೆ ತಾಳಮದ್ದಳೆಯ ಅರ್ಥಧಾರಿಗಳ ಗ್ರಂಥದ ಕನ್ನಡವನ್ನು ಒಂದಕ್ಷರ ತಪ್ಪದೆ ಆಡುತ್ತಿದ್ದರು. ಪೆಟ್ಟಿಗೆ ನಿಂತದ್ದೇ ಅವರು ಮೊದಲಿನಿಂದ ಸುರುಮಾಡಿದ್ದರು. ಹತ್ತಿರವಾದಾಗ ಮಸುಕು ಬೆಳಕಿನಲ್ಲಿ ಕಂಡರು. ಸಂಕದ ಈಚೆ ಕಂಬದ ಹಾಗೆ ನಿಂತಿದ್ದರು, ತಲೆಯ ಮೇಲೆ ಕ್ಯಾನ್, ಒಂದು ಕೈ ಅದಕ್ಕೆ. ಸಂಕದ ಆಚೆ ದಾರಿಗೆ ಅಡ್ಡವಾಗಿ ಅದು ಮಲಗಿತ್ತು. ಬಾಲದ ತುದಿ ಮಾತ್ರ ಅಲ್ಲಾಡುತ್ತಿತ್ತು.

ಅತ್ತೆಗೆ ಉಸಿರು ಸಾಲದಾಯಿತು. ಮಾತು ನಡುವೆ ತುಂಡಾಯಿತು. ಬಾಲ ನಿಂತು, ತಲೆ ಮೇಲೆದ್ದಿತು. ಮುಂದಿನ ಮಾತು ನನ್ನ ಬಾಯಿಂದ ಹೇಗೆ ಬಂತೋ ದೇವರಿಗೇ ಗೊತ್ತು.

“ಕೆಲಸ ನನ್ನದು. ದಾರಿ ಯಾರಪ್ಪನದೂ ಅಲ್ಲ. ದಾರಿ ಬಿಡು!”

ನನ್ನ ಸ್ವರ ಕೀರಲಾಗಿತ್ತು. ಹೇಳುತ್ತ ಹೇಳುತ್ತ ಅತ್ತೆಯ ಪಕ್ಕಕ್ಕೆ ಹೋಗಿ ನಿಂತೆ. ಬಿಡಲಾರೆ ಎಂದರು ಅತ್ತೆ, ನನ್ನ ಕಡೆ ತಿರುಗದೆ. ಬಿಡು ಎಂದೆ ನಾನು. ಹಿಂದಿನಿಂದ ಗಿರಿಜಕ್ಕ ಬಕೆಟ್ ಬಡಿಯುತ್ತ ಬಂದಳು. ಅದು ಎದ್ದಿತು. ಅವಸರವೇನೂ ಇಲ್ಲದೆ ಮೈಮುರಿದು ತೋಪಿನೊಳಗೆ ನಡೆದುಹೋಯಿತು. ಆಮೇಲೂ ನಾವಿಬ್ಬರು ಬಹಳ ಹೊತ್ತು ವಾದ ನಿಲ್ಲಿಸಲಿಲ್ಲ, ನಿಲ್ಲಿಸಲು ಭಯವಾಗುತ್ತಿತ್ತು.

ಕ್ಯಾನ್ ಇಳಿಸಿಕೊಟ್ಟಾಗ ಅತ್ತೆ ಗದ್ದೆಯ ಅಂಚಿನಲ್ಲೇ ಕುಸಿದು ಕೂತರು. “ಹಾಲ್ ಚೆಲ್ಲಲಿಲ್ಲೆ, ಕಾಣ್” ಎಂದರು. ಆದರೆ ಚೆಲ್ಲಿತ್ತು. ಕೈ ನಡುಗಿ, ಸೊಂಟಕ್ಕೆ ಕಟ್ಟಿದ್ದ ಪೆಟ್ಟಿಗೆಯ ಮೇಲೆಲ್ಲ ಹಾಲು ಇಳಿದಿತ್ತು. ನಾನು ಹೇಳಲಿಲ್ಲ. ಡೈರಿ ಬಾಗಿಲು ಹಾಕಿಯಾಗಿತ್ತು. ಆ ದಿನ ಗಿರಿಜಕ್ಕನ ಮನೆಯಲ್ಲಿ ನೀರೇ ಹಾಕದ ಚಾ ಕುಡಿದದ್ದು ನೆನಪಿದೆ.

ಈಗ ಅತ್ತೆಗೆ ಮೊಣಕಾಲು ನೋವು. ಡೈರಿಗೆ ಹೋಗುವವಳು ನಾನೇ. ಹೆದರಿಕೆ ಹೋಗಿದೆಯೇ ಎಂದು ಕೇಳಬೇಡಿ. ದಿನಾ ಬೆಳಿಗ್ಗೆ ಮೆಟ್ಟಿಲಿನಲ್ಲಿ ನಿಂತು, ಗುಂಡಿ ಒತ್ತದೆ ಒಂದು ಹೆಜ್ಜೆಯೂ ಮುಂದಿಡುವುದಿಲ್ಲ. ಬ್ಯಾಟರಿ ಊದಿದ ಮರುದಿನವೇ ಕುಂದಾಪುರದ ಅದೇ ಅಂಗಡಿಗೆ ಓಡಿದೆ. ಈ ಸಲ ಇದ್ದದ್ದು ಹೊಸ ಹುಡುಗಿ. “ಎಲ್ ನಿಲ್ಸಿರೂ ನೆನ್ಪ್ ಇಟ್ಕಂತ್ತ್ ಅಕ್ಕ” ಎಂದು ಒಂದನ್ನು ಎತ್ತಿ ಕೊಟ್ಟಳು. ನೆನಪು ಇಟ್ಟುಕೊಳ್ಳದ್ದು ಇದೆಯೇ ಎಂದು ಕೇಳಿದೆ. ಅಂಥದ್ದು ಈಗ ಬರುವುದೇ ಇಲ್ಲವಂತೆ. ಇದ್ದದ್ದನ್ನೇ ತಂದು, ಹಳೆಯ ಕಾರ್ಡು ಹಾಕಿ, ಸಂಜೆ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಕೇಳಿ ನಿಲ್ಲಿಸಿದೆ.

ಮರುದಿನ ಬೆಳಿಗ್ಗೆ ಮೆಟ್ಟಿಲಿಳಿದು ಗುಂಡಿ ಒತ್ತಿದೆನೋ ಇಲ್ಲವೋ, ತಟ್ಟೆ ಬಿತ್ತು. ಜಗಲಿಯಲ್ಲಿ ಏನೋ ಉರುಳಿದ ಸದ್ದಾಯಿತು. ತಿರುಗಿದರೆ ಅತ್ತೆ, ಕೋಲು ಬಿಟ್ಟು ಎರಡೂ ಕೈಯಲ್ಲಿ ಕಂಬ ಹಿಡಿದುಕೊಂಡು ನಿಂತಿದ್ದಾರೆ. ಹೆದರಿಕೆ ಎಂಬುದೇ ಇಲ್ಲದವರ ಮುಖ ಬಿಳಿಚಿತ್ತು.

“ಹ್ವಾಯ್, ಸಂಕ ಇನ್ನೂ ಬರ್ಲಿಲ್ಲೆ. ಸುರುವಿಂದ ಹಾಕ್. ನೀ ಎಲ್ ಇದ್ದೆ ಅಂದ್ ನಂಗ್ ಗೊತ್ತಾಪ್ದ್ ಹ್ಯಾಂಗೆ?”

ಸುರುವಿಂದ ಹಾಕಿದೆ. ಈಗ ದಿನಾ ಹಾಗೆಯೇ, ತುಂಡನ್ನು ಹಿಂದಕ್ಕೆ ತಿರುಗಿಸಿಕೊಂಡೇ ಹೊರಡುತ್ತೇನೆ. ಸಂಕದಲ್ಲಿ ತಟ್ಟೆ ಬೀಳುತ್ತದೆ. ಅಲ್ಲಿಂದ ಮುಂದೆ ತೋಪಿನೊಳಗಿನ ಸದ್ದು ಅತ್ತೆಗೆ ಕೇಳಿಸುವುದಿಲ್ಲ. ಆದರೂ ಗಿರಿಜಕ್ಕ ಹೇಳುತ್ತಾಳೆ, ನಾನು ತೋಪಿನಿಂದ ವಾಪಸು ಸಂಕಕ್ಕೆ ಬರುವವರೆಗೂ ಅತ್ತೆ ಜಗಲಿಯಲ್ಲಿ ಕೂತು ಇಬ್ಬರ ಮಾತನ್ನೂ ಗಟ್ಟಿಯಾಗಿ ಹೇಳುತ್ತಿರುತ್ತಾರಂತೆ, ಒಂದು ಸಲ ಮುಗಿದರೆ ಮತ್ತೆ ಮೊದಲಿನಿಂದ.