ಬೆವರದ ಗಾದಿಲಿಂಗಪ್ಪ

ಗಾದಿಲಿಂಗಪ್ಪನವರ ಅಂಗಿ ಬೆವರಿನಿಂದ ಒದ್ದೆಯಾದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಬಳ್ಳಾರಿಯ ಮೇ ತಿಂಗಳಲ್ಲಿ, ಗೋಡೆಗೆ ಒರಗಿದರೆ ಬೆನ್ನು ಸುಡುವ ದಿನಗಳಲ್ಲಿ, ನಮ್ಮೆಲ್ಲರ ಬಟ್ಟೆ ಹಿಂಡಿದರೆ ನೀರು ಬರುವಂತಿರುವಾಗ, ಅವರು ಮಾತ್ರ ಇಸ್ತ್ರಿಯ ಗೆರೆ ಮಾಸದ ಬಿಳಿ ಅಂಗಿಯಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮುಖದಲ್ಲಿ ಧಾರಾಳವಾಗಿ ನೀರಿಳಿಯುತ್ತಿತ್ತು, ಹಣೆಯ ವಿಭೂತಿ ಕರಗಿ ಹುಬ್ಬಿನವರೆಗೆ ಬಂದಿರುತ್ತಿತ್ತು. ಕುತ್ತಿಗೆಯಿಂದ ಕೆಳಗೆ ಒಣ ಒಣ. ಅವ್ವ ಅದನ್ನು ಪುಣ್ಯವಂತರ ಮೈ ಎಂದಳು. ನಾನು ಬಿಸಿಲಿನ ಅಭ್ಯಾಸ ಅಂದುಕೊಂಡೆ. ಯಾವುದಾದರೊಂದು ಬೇಸಿಗೆಯಲ್ಲಿ ಪ್ರಾಣಕ್ಕೇ ಎರವಾಗಬಹುದಾದ ಊನ ಅದು ಅನ್ನುವುದು ಮೊದಲು ಅವರೊಬ್ಬರಿಗೇ ಗೊತ್ತಿತ್ತು. ಆಮೇಲೆ ನನಗೂ ಗೊತ್ತಾಯಿತು. ಗೊತ್ತಾಗಬೇಕಾದ ಮೂರನೆಯವರಿಗೆ ನಾನು ಹೇಳಲಿಲ್ಲ.

ನಾನು ಮನೆಯಲ್ಲೇ ಕೂತು ಮದುವೆ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವವಳು. ನಮ್ಮ ಕಡೆ ಮದುವೆಗಳೆಲ್ಲ ಬರುವುದು ಬೇಸಿಗೆಯಲ್ಲಿ. ಊರು ಕಾದ ಹಂಚಾಗಿರುವ ಹೊತ್ತಿನಲ್ಲೇ ನನ್ನ ಕಂಪ್ಯೂಟರಿಗೂ ಮೈಮುರಿಯುವ ಕೆಲಸ. ಆರು ವರ್ಷದ ಹಿಂದೆ ಒಂದು ಏಪ್ರಿಲ್‌ನಲ್ಲಿ ಅದು ಹಟ ಹಿಡಿಯಿತು. ವಿಡಿಯೊ ಅರ್ಧ ತಯಾರಾಗುವಷ್ಟರಲ್ಲಿ ಹೇಳದೆ ಕೇಳದೆ ಆರಿಹೋಗುತ್ತಿತ್ತು. ಒಂದು ಅಂಗಡಿಯವರು ಒಳಗಿನ ಬೋರ್ಡನ್ನೇ ಬದಲಿಸಬೇಕು ಅಂದರು. ಇನ್ನೊಬ್ಬರು ಹೊಸದನ್ನೇ ತಗೊಳ್ಳಿ ಅಂದರು. ಕೊನೆಗೆ ಪಕ್ಕದ ಮನೆಯ ಶರಣಮ್ಮ, ಕುರುಗೋಡಿನಿಂದ ಮೊದಲ ಬಸ್ಸಿಗೆ ಬಂದು ಬಿಸಿಲೇರುವ ಮುಂಚೆ ವಾಪಸ್ಸು ಹೋಗುವ ಒಬ್ಬರಿದ್ದಾರೆ, ಒಮ್ಮೆ ಕರೆಸಿ ನೋಡು ಎಂದಳು.

ಬಂದವರು ಐವತ್ತೈದು ದಾಟಿದ ತೆಳ್ಳನೆಯ ಮನುಷ್ಯ. ಹೆಗಲಲ್ಲಿ ಖಾಕಿ ಚೀಲ, ಜೇಬಿನಲ್ಲಿ ಪೆನ್ನಿನ ಪಕ್ಕ ಜ್ವರ ನೋಡುವ ಥರ್ಮಾಮೀಟರು. ಒಳಗೆ ಬಂದವರೇ ಒಂದು ಚೊಂಬು ನೀರು ಕೇಳಿದರು. ಕುಡಿಯುತ್ತಾರೆ ಅಂದುಕೊಂಡರೆ ಅರ್ಧ ಕುಡಿದು, ಉಳಿದರ್ಧವನ್ನು ಅಂಗಳಕ್ಕೆ ಹೋಗಿ ಅಂಗಿಯ ಮೇಲೇ ಸುರಿದುಕೊಂಡರು. ಅದೇನೋ ವ್ರತ ಇರಬೇಕೆಂದು ಅವ್ವ ಭಕ್ತಿಯಿಂದ ನೋಡುತ್ತ ನಿಂತಳು. ಆಮೇಲೆ ಅವರು ಕಂಪ್ಯೂಟರು ಹಚ್ಚಿಸಿ, ಹಿಂಬದಿಯ ಜಾಲರಿಗೆ ಕೈಯ ಹಿಂಭಾಗ ಹಿಡಿದು, ಕಣ್ಣು ಮುಚ್ಚಿ ಹೊರಬರುವ ಗಾಳಿಯ ಬಿಸಿ ನೋಡಿದರು.

"ಇದಕ್ಕ ರೋಗ ಇಲ್ಲ ತಂಗಿ. ಉಸಿರು ಕಟ್ಟೈತಿ" ಅಂದರು.

ಬದಿಯ ತಗಡು ಬಿಚ್ಚಿದಾಗ ನನಗೇ ನಾಚಿಕೆಯಾಯಿತು. ಅದಿರು ಲಾರಿಗಳು ಎಬ್ಬಿಸುವ ಕೆಂಪು ಧೂಳು, ಹಾಸಿಗೆಯ ಹತ್ತಿ, ಅವ್ವನ ತಲೆಗೂದಲು ಎಲ್ಲ ಸೇರಿ ಪ್ರೊಸೆಸರಿನ ಮೇಲಿನ ಫ್ಯಾನಿನ ಕೆಳಗೆ ಒಂದು ಕಂಬಳಿಯೇ ನೇಯ್ದುಕೊಂಡಿತ್ತು. ಅದನ್ನೆಲ್ಲ ಪೇಂಟಿನ ಬ್ರಷ್ಷಿನಿಂದ ಉದುರಿಸಿದರು. ಪ್ರೊಸೆಸರಿಗೂ ಅದರ ಬಿಸಿ ಹೀರುವ ಅಲ್ಯೂಮಿನಿಯಂ ಗಟ್ಟಿಗೂ ನಡುವೆ ಹಚ್ಚುವ ಪೇಸ್ಟು ಹಳೆಯ ಸುಣ್ಣದ ಹಾಗೆ ಪುಡಿಪುಡಿಯಾಗಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದನ್ನು ತೊಗರಿಕಾಳಿನಷ್ಟೇ ಇಟ್ಟು ಗಟ್ಟಿಯನ್ನು ಸಮವಾಗಿ ಕೂರಿಸಿದರು. ಇನ್ನಷ್ಟು ಹಚ್ಚಿದರೆ ಇನ್ನಷ್ಟು ತಂಪಲ್ಲವೇ ಎಂದು ಕೇಳಿದೆ. ಅದು ತುಪ್ಪವಲ್ಲ, ಹೆಚ್ಚಾದರೆ ಅದೇ ಅಡ್ಡಗೋಡೆಯಾಗುತ್ತದೆ ಎಂದರು. ಕೊನೆಗೆ ಅವ್ವನಿಂದ ಊದಬತ್ತಿ ಇಸಿದುಕೊಂಡು ಹಚ್ಚಿ, ಕಂಪ್ಯೂಟರಿನ ಡಬ್ಬಿಯ ಮುಂದೊಮ್ಮೆ ಹಿಂದೊಮ್ಮೆ ಹಿಡಿದರು. ಅವ್ವ ಕೈಮುಗಿದೇಬಿಟ್ಟಳು. ಹೊಗೆ ಮುಂದಿನಿಂದಲೂ ಒಳಗೆ ಹೋಗುತ್ತಿತ್ತು, ಹಿಂದಿನಿಂದಲೂ ಒಳಗೆ ಹೋಗುತ್ತಿತ್ತು. ಯಾರೋ ಹಿಂದಿನ ಫ್ಯಾನನ್ನು ತಿರುವುಮುರುವು ಕೂರಿಸಿದ್ದರು.

"ಬಿಸಿ ಹುಟ್ಟೋದು ತಪ್ಪಲ್ಲ. ಕೆಲಸ ಮಾಡೋದೆಲ್ಲಾ ಬಿಸಿ ಆಗತೈತಿ. ಹುಟ್ಟಿದ ಬಿಸಿಗೆ ಹೊರಗ ಹೋಗಾಕ ದಾರಿ ಇರಬೇಕು, ಅಷ್ಟ."

ಫ್ಯಾನು ತಿರುಗಿಸಿ ಹಾಕಿ, ವಿಡಿಯೊ ಓಡಿಸಿ, ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಬಿಸಿ ಕಾಣುವಂತೆ ಮಾಡಿ ಕೂತರು. ತೊಂಬತ್ತೆಂಟಕ್ಕೆ ಹೋಗಿ ಸಾಯುತ್ತಿದ್ದದ್ದು ಎಪ್ಪತ್ತನಾಲ್ಕಕ್ಕೆ ನಿಂತಿತು. ಆಗ ಅವರು ಜೇಬಿನ ಥರ್ಮಾಮೀಟರು ತೆಗೆದು ತಮ್ಮ ನಾಲಿಗೆಯ ಕೆಳಗೆ ಇಟ್ಟುಕೊಂಡು, ನೋಡಿ, ಒರೆಸಿ, ತಿರುಗಿ ಜೇಬಿಗೆ ಹಾಕಿದರು. ಇಂಥ ಆರೋಗ್ಯದ ಹುಚ್ಚಿನವರನ್ನು ನಾನು ಬಳ್ಳಾರಿಯಲ್ಲಿ ಕಂಡಿರಲಿಲ್ಲ. ಅವರು ಹೋದ ಮೇಲೆ ಅವ್ವನೂ ನಾನೂ ಸೇರಿ ನಕ್ಕೆವು.

ಅವರು ನನ್ನ ಮೇಲೆ ಸಿಟ್ಟಾದದ್ದು ಒಂದೇ ಸಲ. ಆ ತಪ್ಪನ್ನು ನಮ್ಮೂರಿನವರಲ್ಲದೆ ಬೇರೆಯವರು ಮಾಡಲಾರರು. ಮರುವರ್ಷದ ಬೇಸಿಗೆಯಲ್ಲಿ ನಾನು ಜಾಣತನ ಮಾಡಿ ಕಂಪ್ಯೂಟರಿನ ಬದಿಯ ತಗಡು ಕಳಚಿ, ಹುಲ್ಲಿನ ಪರದೆಗೆ ನೀರಿಳಿಸುವ ನಮ್ಮ ತಗಡಿನ ಕೂಲರನ್ನು ಅದಕ್ಕೆ ಎದುರಾಗಿ ಇಟ್ಟೆ. ಮನುಷ್ಯರಿಗೆ ತಂಪಾಗುವುದು ಯಂತ್ರಕ್ಕೂ ಆಗಬೇಕಲ್ಲ. ಬಿಸಿ ಅರವತ್ತಕ್ಕೆ ಇಳಿಯಿತು. ನಾನು ಶರಣಮ್ಮನ ಮುಂದೆಲ್ಲ ಹೇಳಿಕೊಂಡು ತಿರುಗಿದೆ. ಮೂರು ವಾರಕ್ಕೆ ಕಂಪ್ಯೂಟರು ಹಚ್ಚಿದರೆ ಹತ್ತಲೊಲ್ಲದು. ಗಾದಿಲಿಂಗಪ್ಪ ಬಂದು ನೋಡಿದರೆ ಒಳಗೆ ತಿರುಪುಗಳಿಗೆ ತುಕ್ಕು, ತಾಮ್ರದ ಕಡೆಯೆಲ್ಲ ಹಸಿರು ಕಿಲುಬು. ತೇವದ ಗಾಳಿ ಕುಡಿಸಿ ಕೊಂದೆಯಲ್ಲ ಎಂದು ಬೈದರು. ಬೈದು ಮುಗಿಸಿ, ಬೇರೆ ಬೋರ್ಡು ತಂದು ಹಾಕುತ್ತೇನೆ ಎಂದು ಹೇಳಿ, ಕೂಲರನ್ನು ತಮ್ಮ ಕಡೆ ತಿರುಗಿಸಿಕೊಂಡು ಅದರ ಮುಂದೆ ನೆಲದ ಮೇಲೆ ಕೂತುಬಿಟ್ಟರು.

"ಇದು ಬೇಕಾಗಿದ್ದು ನನಗ. ಅದಕ್ಕಲ್ಲ" ಅಂದರು.

ಅವತ್ತು ಅವ್ವ ಗುಡಿಗೆ ಹೋಗಿದ್ದಳು. ಅವರು ಬೆನ್ನ ಮೇಲಿನ ಅಂಗಿಯನ್ನು ಸ್ವಲ್ಪ ಎತ್ತಿ ತೋರಿಸಿದರು. ನಾನು ಮುಖ ತಿರುಗಿಸಿದೆ, ಆಮೇಲೆ ತಿರುಗಿಸಿದ್ದಕ್ಕೆ ನಾಚಿ ಮತ್ತೆ ನೋಡಿದೆ. ಬೆನ್ನು ಪೂರಾ, ಎದೆ, ಎರಡೂ ತೋಳು, ಎಲ್ಲ ಸುಟ್ಟು ಮಾಗಿದ ನುಣ್ಣನೆ ಚರ್ಮ. ಅವರು ಮೊದಲು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ, ಭತ್ತ ಬೇಯಿಸುವ ಬಾಯ್ಲರಿನ ಮುಂದೆ ಕೆಲಸಕ್ಕಿದ್ದರಂತೆ. ಒಂದು ದಿನ ಹಬೆಯ ಕೊಳವೆ ಬಾಯಿಬಿಟ್ಟಿತು. ಬದುಕಿ ಬಂದ ಮೇಲೆ ಗಿರಣಿಯವರು ತೂಕದ ಕೋಣೆಯ ಕಂಪ್ಯೂಟರಿನ ಮುಂದೆ ಕೂರಿಸಿದರು, ಅಲ್ಲಿ ಬಿಚ್ಚಿ ಕಟ್ಟಿ ಈ ವಿದ್ಯೆ ಕಲಿತರು. ಸುಟ್ಟ ಚರ್ಮ ಬೆವರುವುದಿಲ್ಲ. ಬೆವರದ ಮೈ ಒಳಗಿನ ಬಿಸಿಯನ್ನು ಹೊರಗೆ ಹಾಕುವುದಿಲ್ಲ. ಥರ್ಮಾಮೀಟರು ನೂರಾ ಮೂರರ ಗೆರೆ ದಾಟಿದರೆ ಕೂತಲ್ಲೇ ಕೂತು ನೀರು ಸುರಿದುಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರಂತೆ.

"ಕಂಪ್ಯೂಟರು ಶಾಣ್ಯಾ ಐತವಾ. ಬಿಸಿ ಜಾಸ್ತಿ ಆದ್ರ ಮೊದಲ ಓಟ ಕಡಿಮಿ ಮಾಡತೈತಿ, ಅದಕ್ಕೂ ಆಗಲಿಲ್ಲಂದ್ರ ತಾನ ಆರಿಕೊಂತೈತಿ. ಮನಷ್ಯಾಗ ಹಂಗಿಲ್ಲ. ತಲಿ ಕೆಟ್ಟಿದ್ದು ತಲಿಗೇ ಗೊತ್ತಾಗಂಗಿಲ್ಲ."

ಇದನ್ನು ಯಾರಿಗೂ ಹೇಳಬೇಡ ಎಂದು ಮಾತು ತೆಗೆದುಕೊಂಡರು. ಗೊತ್ತಾದರೆ ಜನ ಬೇಸಿಗೆಯಲ್ಲಿ ಕರೆಯಲು ಹೆದರುತ್ತಾರೆ, ಅವರ ಕೆಲಸವೆಲ್ಲ ಇರುವುದೇ ಬೇಸಿಗೆಯಲ್ಲಿ. ನಾನು ಮಾತು ಕೊಟ್ಟೆ. ಕೊಟ್ಟ ಮಾತು ಉಳಿಸಿಕೊಳ್ಳುವುದು ದೊಡ್ಡತನ ಅಂತ ನಂಬಿದ್ದೆ. ಅಂದಿನಿಂದ ಪ್ರತಿ ಮಾರ್ಚಿಗೆ ನನ್ನ ಎದೆಯಲ್ಲಿ ಒಂದು ಅಳುಕು ಶುರುವಾಗುತ್ತಿತ್ತು. ಅವರ ಫೋನು ಎರಡು ಸಲ ರಿಂಗಾಗಿ ಎತ್ತದಿದ್ದರೆ ಕೆಟ್ಟ ಯೋಚನೆ ಬರುತ್ತಿತ್ತು. ಅವ್ವನ ಮುಂದೆ ಮಾತ್ರ ತುಟಿ ಬಿಚ್ಚಲಿಲ್ಲ.

ಮೂರು ವರ್ಷದ ಹಿಂದಿನ ಮೇ. ಒಂದು ಮದುವೆ ವಿಡಿಯೊ ಮರುದಿನ ಕೊಡಲೇಬೇಕಿತ್ತು. ಪರದೆಯ ಮೂಲೆಯ ಅಂಕಿ ಮತ್ತೆ ತೊಂಬತ್ತರ ಮೇಲೆ ಕುಣಿಯುತ್ತಿತ್ತು. ಬೆಳಗಿನ ಬಸ್ಸು ಹೋಗಿಯಾಗಿದೆ, ನಾಳೆ ಬರುತ್ತೇನೆ ಎಂದರು ಗಾದಿಲಿಂಗಪ್ಪ. ನಾನು ಗೋಗರೆದೆ. ಬೇಸಿಗೆ ಗೊತ್ತಿದ್ದವಳು, ಆ ಬೆನ್ನನ್ನು ಕಣ್ಣಾರೆ ಕಂಡವಳು ಗೋಗರೆದೆ. ಬರುತ್ತೇನೆ, ಅಷ್ಟರಲ್ಲಿ ಡಬ್ಬಿಗೊಂದು ಹೊಸ ಫ್ಯಾನು ತಂದಿಡು ಎಂದರು. ನಾನು ವಿಡಿಯೊ ಓಡಲು ಬಿಟ್ಟು ಪೇಟೆಗೆ ಹೋದೆ. ಅವರ ಬಸ್ಸು ಊರ ಹೊರಗೆ ಕೆಟ್ಟು ನಿಂತಿತಂತೆ. ಇನ್ನೊಂದಕ್ಕೆ ಕಾಯದೆ ನಡೆದು ಬಂದರು.

ನಾನು ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಬೆರಳು ತುಟಿಗಿಟ್ಟಳು. ಗಾದಿಲಿಂಗಪ್ಪನವರಿಗೆ ಜ್ವರ ಬಂದಿದೆ, ಮಾತು ತೊದಲುತ್ತಿತ್ತು, ಶುಂಠಿ ಕಷಾಯ ಕುಡಿಸಿ ಮಲಗಿಸಿದ್ದೇನೆ ಎಂದಳು.

"ಮೈ ಸುಡಾಕತ್ತಿತ್ತವಾ. ಒಂದು ಹನಿ ಬೆವರಿಲ್ಲ. ಎರಡು ಕಂಬಳಿ ಹೊಚ್ಚೀನಿ, ಬೆವರು ಬಂದ್ರ ಜ್ವರ ಇಳೀತಾವ."

ಕೋಣೆಯ ಬಾಗಿಲು ತಳ್ಳಿದೆ. ಗಾಳಿ ತಾಗದಿರಲೆಂದು ಅವ್ವ ಕಿಟಕಿ ಮುಚ್ಚಿ, ಕೂಲರನ್ನೂ ಆರಿಸಿದ್ದಳು. ಒಳಗೆ ಒಲೆಯ ಮುಂದಿನ ಝಳ. ಕಂಪ್ಯೂಟರು ತಾನಾಗಿ ಆರಿಹೋಗಿತ್ತು. ಅದರ ಪಕ್ಕದ ಚಾಪೆಯ ಮೇಲೆ ಎರಡು ಕುರಿ ಕಂಬಳಿಗಳ ಕೆಳಗೆ ಅವರು ಅಲುಗಾಡದೆ ಮಲಗಿದ್ದರು. ಸದಾ ನೀರಿಳಿಯುತ್ತಿದ್ದ ಮುಖ ಕೂಡ ಒಣಗಿತ್ತು. ಕಂಬಳಿ ಕಿತ್ತೆಸೆದೆ, ಕಿಟಕಿ ತೆರೆದೆ, ಕೊಡಗಟ್ಟಲೆ ನೀರು ಸುರಿದೆ. ಅವ್ವ ನನಗೆ ತಲೆ ಕೆಟ್ಟಿದೆ ಎಂದು ಅಳತೊಡಗಿದಳು. ಅವರ ಜೇಬಿನ ಥರ್ಮಾಮೀಟರನ್ನು ಕಂಕುಳಲ್ಲಿ ಇಟ್ಟು ನೋಡಿದರೆ ನೂರಾ ಆರು. ಆಂಬುಲೆನ್ಸ್ ಬರುವವರೆಗೂ ನಾನು ನೀರು ಸುರಿಯುವುದನ್ನು ನಿಲ್ಲಿಸಲಿಲ್ಲ.

ಉಳಿದರು. ಆದರೆ ಉಳಿದವರು ಹಳೆಯ ಗಾದಿಲಿಂಗಪ್ಪ ಅಲ್ಲ. ಕೈ ನಡುಗುತ್ತಿತ್ತು, ಸ್ಕ್ರೂಡ್ರೈವರು ತಿರುಪಿನ ಮೇಲೆ ನಿಲ್ಲುತ್ತಿರಲಿಲ್ಲ. ಮಾತು ಒಂದೊಂದಾಗಿ, ಎಳೆದು ಎಳೆದು ಬರುತ್ತಿತ್ತು. ಹೆಂಡತಿ ಮೊದಲೇ ತೀರಿಕೊಂಡಿದ್ದರಿಂದ ದೇಶನೂರಿನ ತಂಗಿ ಬಂದು ಕರೆದುಕೊಂಡು ಹೋದಳು. ಕಂಬಳಿ ಹೊಚ್ಚಿದ್ದನ್ನು ಆಸ್ಪತ್ರೆಯಲ್ಲಿ ನಾನು ಡಾಕ್ಟರಿಗೆ ಮೆಲ್ಲಗೆ ಹೇಳಿದೆ, ಅವ್ವನಿಗೆ ಕೇಳಿಸದ ಹಾಗೆ.

ಮಳೆಗಾಲದಲ್ಲಿ ದೇಶನೂರಿಗೆ ಹೋದೆ. ಗದ್ದೆಗಳಲ್ಲಿ ನಾಟಿ ನಡೆದಿತ್ತು. ಕಾಲುವೆಯ ಪಕ್ಕ ಬೇವಿನ ಮರದ ಕೆಳಗೆ ಅವರು ಒದ್ದೆ ಟವೆಲು ಹೊದ್ದು ಕೂತಿದ್ದರು. ನನ್ನಿಂದಲೇ ಹೀಗಾಯಿತು ಎಂದು ಅತ್ತೆ. ಅವರು ಅವ್ವ ಹೇಗಿದ್ದಾಳೆ ಎಂದು ಕೇಳಿದರು. ಊಟ ಸರಿಯಾಗಿ ಮಾಡುತ್ತಿಲ್ಲ, ತಾನು ಏನು ತಪ್ಪು ಮಾಡಿದೆ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಾಳೆ ಎಂದೆ. ಬಹಳ ಹೊತ್ತು ಮಾತು ಜೋಡಿಸಿಕೊಂಡು ಹೇಳಿದರು:

"ಅವ್ವಗ ಹೇಳು. ನಿನ್ನ ಕಂಬಳಿಯಿಂದನ ಗಾದಿಲಿಂಗ ಉಳಿದ ಅಂತ. ಡಾಕ್ಟರ ಹಂಗಂದ್ರು ಅಂತ ಹೇಳು."

ಅದು ಸುಳ್ಳಲ್ಲವೇ ಅಂದೆ. ಬಿಸಿಯ ಲೆಕ್ಕದಲ್ಲಿ ಅರ್ಧ ಅಂಕಿಯನ್ನೂ ಕದ್ದು ಹೇಳದ ಮನುಷ್ಯ ಟವೆಲನ್ನು ಕಾಲುವೆಯಲ್ಲಿ ಅದ್ದಿ ತಿರುಗಿ ಹೊದ್ದುಕೊಂಡರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಮುಂದಿನ ಬೇಸಿಗೆ ಬರುವ ಮುಂಚೆಯೇ ತೀರಿಕೊಂಡರು.

ನಾನು ಅವ್ವನಿಗೆ ಆ ಮಾತು ಮುಟ್ಟಿಸಿದೆ. ಅವ್ವ ಅವತ್ತು ಎರಡು ರೊಟ್ಟಿ ಉಂಡಳು. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಈ ಸುಳ್ಳು ನಮ್ಮ ಓಣಿಯ ಮನೆ ಮನೆಗೂ ನಡೆದು ಹೋಯಿತು. ಬಿಸಿಲು ಬಡಿದವರಿಗೆ ಕಂಬಳಿ ಹೊಚ್ಚಬೇಕು, ದೊಡ್ಡ ಡಾಕ್ಟರೇ ಹೇಳಿದ್ದಾರೆ ಎಂದು ಅವ್ವ ಕಂಡಕಂಡವರಿಗೆ ಹೇಳುವಾಗ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ಎರಡು ಬೇಸಿಗೆ ಕಳೆದೆ.

ಈ ವರ್ಷದ ಮೇ ತಿಂಗಳಲ್ಲಿ ಶರಣಮ್ಮ ಓಡಿಬಂದಳು. ಗಂಡ ಮಧ್ಯಾಹ್ನದ ಬಿಸಿಲಲ್ಲಿ ಸ್ಕೂಟರಿನಲ್ಲಿ ಬಂದವನು ಏನೇನೋ ಬಡಬಡಿಸುತ್ತಿದ್ದಾನೆ, ಮೈ ಮುಟ್ಟಿದರೆ ಸುಡುತ್ತದೆ, ಮನೆಯಲ್ಲಿದ್ದ ಕಂಬಳಿ ಹೊಚ್ಚಿದ್ದೇನೆ, ನಿಮ್ಮದೂ ಕೊಡಿ ಎಂದಳು. ಅವ್ವ ಆಗಲೇ ಟ್ರಂಕಿನ ಮುಚ್ಚಳ ಎತ್ತಿದ್ದಳು.

"ಬ್ಯಾಡವ್ವ. ಕಂಬಳಿಯಿಂದ ಅವರು ಉಳೀಲಿಲ್ಲ. ಅದರಿಂದನ ಹಂಗಾತು" ಎಂದೆ.

ಅವ್ವನ ಮುಖ ನೋಡಲು ನಿಲ್ಲಲಿಲ್ಲ. ಕೊಡ ಎತ್ತಿಕೊಂಡು ಶರಣಮ್ಮನ ಹಿಂದೆ ಓಡಿದೆ. ಹೊದಿಕೆ ತೆಗೆದು, ನೀರು ಸುರಿದು, ಫ್ಯಾನು ತಿರುಗಿಸಿ, ಆಸ್ಪತ್ರೆಗೆ ಸೇರಿಸಿದೆವು. ಸಂಜೆ ಅವನು ಹೆಂಡತಿಯನ್ನು ಹೆಸರು ಹಿಡಿದು ಕರೆದ ಮೇಲೆ ನಾನು ಮನೆಗೆ ಬಂದೆ.

ಅವ್ವ ತೆರೆದ ಟ್ರಂಕಿನ ಮುಂದೆ ಹಾಗೇ ಕೂತಿದ್ದಳು. ಕಂಬಳಿಯಿಂದಲೇ ಹಾಗಾಯಿತೆಂದು ಗಾದಿಲಿಂಗಪ್ಪನಿಗೆ ಗೊತ್ತಿತ್ತೇ ಎಂದು ಕೇಳಿದಳು. ಗೊತ್ತಿತ್ತು, ಉಳಿಸಿದ್ದು ಕಂಬಳಿ ಅಂತ ನಿನಗೆ ಹೇಳಲು ಹೇಳಿದವರೂ ಅವರೇ ಎಂದೆ. ಅವ್ವ ತನ್ನ ಬಲ ಮುಂಗೈಯನ್ನು ಎಡಗೈಯಿಂದ ಸವರಿಕೊಳ್ಳುತ್ತಿದ್ದಳು.

"ಮೊದಲನೇ ಕಂಬಳಿ ಹೊಚ್ಚಾಕ ಬಗ್ಗಿದಾಗ ಅವರು ನನ್ನ ಕೈ ಗಟ್ಟಿ ಹಿಡಕೊಂಡಿದ್ರವಾ. ಬಿಡಲೇ ಇಲ್ಲ. ಚಳಿ ಅಂತ ತಿಳಕೊಂಡು ನಾನು ಎರಡನೇದ್ದು ತಂದೆ."