ಶಟ್ಟೆವ್ವ ಮುಟ್ಟದ ಬೀಜ

ಸಂಪಗಾಂವದಲ್ಲಿ ಗಂಡ ಸಂಗಪ್ಪ ಬದುಕಿದ್ದ ತನಕ ಬಿತ್ತಿಗೆಯ ದಿನ ಶಟ್ಟೆವ್ವ ಮನೆಯಲ್ಲಿ ಕೂತವಳಲ್ಲ. ಸೋಯಾಬೀನ್ ಬೀಜಕ್ಕೆ ಕರಿಪುಡಿ ಹಚ್ಚುವ ಕೆಲಸ ಅವಳದೇ. ಬೆಲ್ಲದ ನೀರು ಕುದಿಸಿ, ಪೂರಾ ಆರಿಸಿ, ಪುಡಿ ಕಲಸಿ, ಹೊಲದ ಬೇವಿನ ನೆರಳಲ್ಲಿ ಬೀಜ ಹರವಿ, ಸಿಪ್ಪೆ ಸುಲಿಯದಂತೆ ಬೆರಳಾಡಿಸುವಳು.

"ಏನ್ರೀ ವೈನಿ, ಕೂಸಿಗೆ ಎಣ್ಣಿ ಹಚ್ಚಾಕತ್ತೀರೇನು?" ಎಂದು ಮೈದುನ ರಾಯಪ್ಪ ಕಾಡಿಸುತ್ತಿದ್ದ.

"ಹೌದೋ ಮಾರಾಯ. ನಿನಗೂ ಹಚ್ಚಲೇನು? ತಲಿ ತಣ್ಣಗಾದೀತು."

ಆ ಪುಡಿಯಲ್ಲಿರುವುದು ಜೀವ. ಪಾಕೀಟಿನ ಮೇಲೆ ರೈಜೋಬಿಯಂ ಎಂದಿದ್ದರೂ ಸೋಯಾಬೀನಿಗೆ ಒಗ್ಗುವ ಬ್ಯಾಕ್ಟೀರಿಯಾದ ಕುಲಕ್ಕೆ ಪುಸ್ತಕದಲ್ಲಿ ಬ್ರಾಡಿರೈಜೋಬಿಯಂ ಎಂಬ ಹೆಸರು. ಸಣ್ಣ ಕಡ್ಡಿಯಂಥ ಆಕಾರ, ನಿಧಾನದ ಬೆಳವಣಿಗೆ. ದಾಯಾದಿ ಕುಲಗಳು ಪ್ರಯೋಗಾಲಯದ ತಟ್ಟೆಯಲ್ಲಿ ಎರಡು ಮೂರು ದಿನಕ್ಕೇ ಕಣ್ಣಿಗೆ ಬಿದ್ದರೆ ಇದಕ್ಕೆ ವಾರ ಬೇಕು. ಬಿಸಿ ತಾಳದು, ಬಿಸಿಲು ತಾಳದು. ಎಳೆ ಬೇರು ಸಿಕ್ಕರೆ ಒಳಹೊಕ್ಕು ಗಂಟು ಕಟ್ಟಿ, ಗಾಳಿಯಲ್ಲಿನ ಸಾರಜನಕವನ್ನು ಗಿಡ ಉಣ್ಣುವಂತೆ ಮಾಡಿಕೊಡುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಬೇರು ಸಿಗದಿದ್ದರೂ ಮಣ್ಣಿನಲ್ಲಿ ವರ್ಷಗಟ್ಟಲೆ ಒಂಟಿಯಾಗಿ ಬದುಕಿರುತ್ತದೆ.

ಸಂಗಪ್ಪ ಸತ್ತ ಮರುವರ್ಷ ಪುಡಿಯ ಪಾಕೀಟು ರಾಯಪ್ಪನ ಹೆಂಡತಿ ರಾಚವ್ವನ ಕೈಗೆ ಹೋಯಿತು. ಬೀಜಕ್ಕೆ ಮುತ್ತೈದೆಯ ಕೈ ಬೇಕಂತೆ. ರಾಚವ್ವ ಒಲೆಯಿಂದ ಇಳಿಸಿದ ಬೆಲ್ಲದ ನೀರಿಗೆ ಹಾಗೇ ಪುಡಿ ಸುರಿದಳು.

"ಆರಲಿ ತಂಗಿ, ಆರಲಿ! ಸಾಯ್ತಾವು!" ಎಂದು ಶಟ್ಟೆವ್ವ ಬಾಗಿಲಿಂದಲೇ ಕೂಗಿದಳು.

"ಅಕ್ಕಾ, ಬಿತ್ತೂ ಹೊತ್ತಿನ್ಯಾಗ ಸಾಯೂ ಮಾತ್ಯಾಕ ಆಡ್ತೀರಿ?" ಎಂದ ರಾಚವ್ವ ಬೀಜದ ಬುಟ್ಟಿಯನ್ನು ಅವಳ ನೆರಳು ಬೀಳದ ಕಡೆಗೆ ಎಳೆದುಕೊಂಡಳು.

ತಿಂಗಳೊಪ್ಪತ್ತಿನಲ್ಲಿ ಶಟ್ಟೆವ್ವನಿಗೆ ಕರೆ ಬಂತು, ಕಳೆ ತೆಗೆಯಲು. ಕಳೆಗೆ ಮುತ್ತೈದೆತನ ಬೇಕಿಲ್ಲ ನೋಡಿ! ಬೀಜ ಮುಟ್ಟಿದರೆ ಕೆಡುಕು, ಬಗ್ಗಿ ಬಗ್ಗಿ ನಡು ಮುರಿದರೆ ಯಾರಿಗೂ ಕೆಡುಕಿಲ್ಲ. ಈ ಶಾಸ್ತ್ರ ಬರೆದವರು ಒಂದು ದಿನವೂ ಕಳೆ ಕೀಳುವ ಕುರ್ಚಿಗಿ ಹಿಡಿದವರಲ್ಲ. ಉಳಿದ ಹೆಂಗಸರು ಒಂದು ಸಾಲಿನಲ್ಲಿ ಹರಟುತ್ತಿದ್ದರು. ಅವಳಿಗೆ ಬದುವಿನ ಕಡೆಯ ಸಾಲು.

ಅಲ್ಲಿ ಒಂದು ಗಿಡ ಕಿತ್ತು ನೋಡಿದಳು. ಬೇರಿನ ತುಂಬ ಗಂಟು. ಉಗುರಿನಿಂದ ಒಡೆದರೆ ಒಳಗೆ ಕೆಂಪು, ಗಂಟು ದುಡಿಯುತ್ತಿರುವ ಗುರುತು. ಬಿಸಿ ಪಾಕದಲ್ಲಿ ಆ ವರ್ಷದ ಪುಡಿಯ ಜೀವಗಳು ಸತ್ತಿದ್ದವು. ಇವು ಹಿಂದಿನ ವರ್ಷಗಳಲ್ಲಿ ಅವಳ ಕೈಯಿಂದ ಮಣ್ಣಿಗೆ ಹೋದವುಗಳ ಸಂತಾನ. ಹಳ್ಳದಾಚೆ ರಾಯಪ್ಪ ಹೊಸದಾಗಿ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದ ಹೊಲದಲ್ಲಿ ಹಿಂದೆಂದೂ ಸೋಯಾಬೀನ್ ಬೆಳೆದಿರಲಿಲ್ಲ. ಅಲ್ಲಿನ ಗಿಡ ಹಳದಿಯಾಗಿ, ಬೇರು ಬೋಳಾಗಿ ನಿಂತಿದ್ದವು.

ಎರಡೂ ಹೊಲದ ಒಂದೊಂದು ಗಿಡ ಒಯ್ದು ರಾಯಪ್ಪನ ಮುಂದೆ ಹಿಡಿದಳು. "ನೋಡಪಾ. ಇಲ್ಲೆ ಹಳೇವು ಅದಾವು, ಹೊಲಾ ಕಾದಾವು. ಅಲ್ಲೆ ಯಾರೂ ಇಲ್ಲ."

ರಾಯಪ್ಪ ಬೇರು ನೋಡಿದ, ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದ.

ಮರುವರ್ಷ ಮೃಗಶಿರಾ ಮಳೆ ಬಿದ್ದ ಮೇಲೆ ಅವನು ಹಿತ್ತಲ ಬಾಗಿಲಿಗೆ ಬಂದ. ಬಗಲಲ್ಲಿ ಬೀಜದ ಚೀಲ, ಕೈಯಲ್ಲಿ ಪಾಕೀಟು.

"ವೈನಿ, ಹಳ್ಳದಾಚಿ ಹೊಲದ ಬೀಜ. ಇಲ್ಲೇ ಹಿತ್ತಲದಾಗ ಹಚ್ಚಿ ಕೊಡ್ರಿ. ರಾಚವ್ವ ಹಚ್ಚಿದ್ಲು ಅಂತೀನಿ ಮಂದಿಗೆ."

ಒಂದು ವರ್ಷದಿಂದ ಆ ಕೈಗಳು ಕಾದದ್ದು ಇದಕ್ಕೇ. ಶಟ್ಟೆವ್ವ ಚೀಲದ ಬಾಯಿ ಬಿಚ್ಚಿದಳು, ಬೀಜದ ಮೇಲೆ ಬೆರಳಾಡಿಸಿದಳು, ಮತ್ತೆ ಕಟ್ಟಿದಳು.

"ಬೇವಿನ ಗಿಡದ ಬುಡಕ್ಕ ಕರಿ, ಎಲ್ಲಾರ ಮುಂದ. ಬರತೇನಿ. ಕದ್ದು ಹಚ್ಚಾಕ ನಾ ಏನ್ ಕಳವು ಮಾಡೇನೇನು?"

"ಊರಾನ ಮಂದಿ ಕೇಳಬೇಕಲ್ರೀ ವೈನಿ..."

"ಹಂಗಾರ ಒಲ್ಲೆ."

ಅವನು ಚೀಲ ಹೊತ್ತು ನಡೆದ. ಪಾಕೀಟು ಕಟ್ಟೆಯ ಮೇಲೆ ಬಿಸಿಲಲ್ಲೇ ಉಳಿಯಿತು. ಶಟ್ಟೆವ್ವ ಅದನ್ನೆತ್ತಿ ಒಳಗೊಯ್ದು, ನೀರಿನ ಕೊಡದ ತಂಪಿಗೆ ಆನಿಸಿಟ್ಟಳು.

"ನೀವರ ಏನ್ ಮಾಡೀರಿ, ಪಾಪ" ಎಂದು ಪುಡಿಯೊಳಗಿನ ಜೀವಗಳಿಗೆ ಹೇಳಿದಳು.

ಹಳ್ಳದ ಕಡೆಯಿಂದ ಬೀಜ ಬಿತ್ತುವ ಕೂರಿಗೆಯ ಸದ್ದು ಬಂತು. ಪಾಕೀಟು ಕೇಳಿಕೊಂಡು ಯಾರೂ ಬರಲಿಲ್ಲ.