ಹೆಸರಿಲ್ಲದ ವಿಡಿಯೊ

ನಾನು ನಿವೃತ್ತಳಾಗುವ ಹಿಂದಿನ ವರ್ಷ ಹುಮನಾಬಾದಿನ ಸ್ವಉದ್ಯೋಗ ತರಬೇತಿ ಕೇಂದ್ರವೊಂದರಲ್ಲಿ ತರಬೇತುದಾರಳಾಗಿದ್ದೆ. ಹೊಲಿಗೆ, ಹಪ್ಪಳ, ಬಳೆ ವ್ಯಾಪಾರದ ಹೆಣ್ಣುಮಕ್ಕಳಿಗೆ ಡಿಜಿಟಲ್ ಮಾರ್ಕೆಟಿಂಗ್, ಎಂದರೆ ಮೊಬೈಲಿನಲ್ಲಿ ಗಿರಾಕಿ ಹುಡುಕುವ ವಿದ್ಯೆ, ಕಲಿಸುವುದು ನನ್ನ ಕೆಲಸ. ಯಾವ ಸೋಶಿಯಲ್ ಮೀಡಿಯಾ ಯಾರ ದಂಧೆಗೆ ಹೊಂದುತ್ತದೆ ಎಂಬುದೇ ಮೊದಲ ಪಾಠ.

ರಾಜೇಶ್ವರ ಗ್ರಾಮದ ಮಹಾದೇವಿ ನನ್ನ ಬಳಿ ಕಲಿತವಳು. ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಬಟ್ಟೆಯ ಟೋಪಿ, ಅಂದರೆ ಕುಂಚಿಗಿ, ಹೊಲಿಯುವುದರಲ್ಲಿ ಪಳಗಿದ ಕೈ. ಕುಂಚಿಗಿಗೆ ಅಜ್ಜಿಯ ಹಳೆಯ ಸೀರೆಯ ತುಂಡನ್ನೇ ಕೊಡುವವರು ನಮ್ಮ ಕಡೆ ಬಹಳ. ಉಟ್ಟು ಉಟ್ಟು ಮೆತ್ತಗಾದ ಬಟ್ಟೆ ಕೂಸಿಗೆ ಹಿತ. ಮಹಾದೇವಿ ಚಿಕ್ಕ ವಿಡಿಯೊಗಳ ಆ್ಯಪ್ ಒಂದರಲ್ಲಿ ಖಾತೆ ತೆರೆದಳು. ಸೋಲಾಪುರ, ಹೈದರಾಬಾದಿನಿಂದ ಆರ್ಡರ್ ಬಂದವು. ಬಸವಕಲ್ಯಾಣದ ಪೇಟೆಯಲ್ಲಿ ಸಣ್ಣ ಅಂಗಡಿ ಹಿಡಿದಳು. ಗಿರಾಕಿಯ ಹೆಸರು, ಮುಖ ಹಾಕಬಾರದೆಂದು ನಾನು ಕಲಿಸಿದ ನಿಯಮವನ್ನು ಎಂದೂ ಮೀರಲಿಲ್ಲ.

ಒಂದು ಬೆಳಿಗ್ಗೆ ದುಬಲಗುಂಡಿಯ ಶರಣಮ್ಮ ಕೇಂದ್ರಕ್ಕೆ ಬಂದು, ಮಹಾದೇವಿಯ ವಿಡಿಯೊ ತೆರೆದು ಮೊಬೈಲನ್ನು ನನ್ನ ಮುಂದಿಟ್ಟರು.

“ಇದ ಕಲಿಸೀರೇನ್ರಿ ಮೇಡಂ? ನನ್ನ ಮಗಳಿಗಿ ಎರಡು ಸಲ ಬಸರ ನಿಂತಿಲ್ಲ. ಈ ಸಲ ಬೀಗರ ಮನಿ ಬಿಟ್ರ ಯಾರಿಗೂ ಹೇಳಿಲ್ಲ. ಈಗ ನೋಡ್ರಿ, ನಿನ್ನಿಯಿಂದ ಫೋನ ಬರಾಕತ್ತಾವ. ಆಕಿ ಅಳಕೋತ ಕುಂತಾಳ!”

ವಿಡಿಯೊದಲ್ಲಿ ಹೆಸರಿಲ್ಲ, ಊರಿಲ್ಲ. ಮಹಾದೇವಿಯ ಬೆರಳು, ಅರ್ಧ ಹೊಲಿದ ಕುಂಚಿಗಿ, ಅಷ್ಟೇ. ಅವಳಿಗೆ ಫೋನ್ ಮಾಡಿದೆ. ವಿಡಿಯೊ ಅಳಿಸಿ, ಸಿಕ್ಕ ಬಸ್ಸು ಹತ್ತಿ ಬಂದಳು.

“ದೇವರಾಣೆ, ಹೆಸರ ಹಾಕಿಲ್ರಿ ಮಾವಶಿ. ಮಂದಿಗಿ ಹ್ಯಾಂಗ ಗೊತ್ತಾತು?” ಎಂದು ಶರಣಮ್ಮನನ್ನು ಕೇಳಿದಳು.

“ಹೆಸರ ಯಾಕ ಬೇಕು? ಕುಂಚಿಗಿಗಿ ನಾ ಕೊಟ್ಟ ಆ ಸೀರಿ ಉಟ್ಟು ಊರೂರ ಲಗ್ನ ತಿರಗೀನಿ. ಅಂಚು ಹರಿದಲ್ಲಿ ಹಾಕಿದ ರಫೂ ನನ್ನ ಕೈದು. ದುಬಲಗುಂಡ್ಯಾಗ ನನ್ನ ಮಾರಿಗಿಂತ ಅದರ ಗುರುತ ಹೆಚ್ಚದ! ಅದರ ಕುಂಚಿಗಿ ಕಂಡ್ರ ಮಗಳು ಬಸರ ಅಂತ ತಿಳಿಯಂಗಿಲ್ಲೇನ?”

ಮಹಾದೇವಿ ನನ್ನ ಕಡೆ ತಿರುಗಿದಳು. “ಖಾತೆನ ಬಂದ್ ಮಾಡ್ತೀನ್ರಿ ಮೇಡಂ.” ಖಾತೆ ಮುಚ್ಚಿದರೆ ದೂರದ ಗಿರಾಕಿ ಹೋಗುತ್ತಾರೆ, ಅಂಗಡಿ ಉಳಿಯುವುದಿಲ್ಲ. ಹಾಗೇ ನಡೆಸಿದರೆ ಈ ಸೀಮೆಯ ಯಾವ ತಾಯಿಯೂ ಅವಳ ಕೈಗೆ ಬಟ್ಟೆ ಕೊಡುವುದಿಲ್ಲ. ಏನು ಮಾಡಬೇಕೆಂದು ನನ್ನನ್ನು ಕೇಳಿದಳು. ಉತ್ತರ ಕೊಡಬೇಕಾದವರು ಬೇರೆ ಇದ್ದರು. ಮೂವರೂ ದುಬಲಗುಂಡಿ ಬಸ್ಸು ಹತ್ತಿದೆವು.

ಶರಣಮ್ಮನ ಮಗಳು ಸುವರ್ಣಾ ಗೋಡೆಗೆ ಒರಗಿ ಕುಳಿತಿದ್ದಳು. ಮಹಾದೇವಿ ಮಾತು ಶುರು ಮಾಡುವ ಮೊದಲೇ ಅವಳೆಂದಳು:

“ನಿನ್ನ ದುಕಾನ ಮುಚ್ಚಿದ್ರ ನನ್ನ ಸುದ್ದಿ ತಿರುಗಿ ನನ್ನ ಕಡಿ ಬರ್ತದೇನ? ನಡಸು. ಆದ್ರ ನನ್ನ ಮಾತು ನಾ ಹೇಳೂಕಿಂತ ಮೊದಲ ನೀ ಹೇಳಿದಿ ನೋಡು, ಅದು ಸಂಕಟ ಆತು. ಇನ್ನ ಮ್ಯಾಲ ಕೇಳಿ ಹಾಕು.”

“ಕೇಳ್ತೀನಕ್ಕ. ಬ್ಯಾಡ ಅಂದ್ರ ಹಾಕಂಗಿಲ್ಲ.”

“ಕೇಳೂದಕ್ಕ ಯಾವ ಟ್ರೇನಿಂಗ್ ಬೇಕಿತ್ತೇನೋ!” ಎಂದು ಶರಣಮ್ಮ ಚಹಾಕ್ಕೆ ನೀರಿಟ್ಟರು.

ಅಂದಿನಿಂದ ಮಹಾದೇವಿಯ ಖಾತೆಯಲ್ಲಿ ಅಂಗಡಿಯ ಹೊಸ ಬಟ್ಟೆಯ ಕುಂಚಿಗಿ ಮಾತ್ರ. ಸುತ್ತಲಿನ ಊರುಗಳ ಆರ್ಡರೆಲ್ಲ ಬಾಯಿಮಾತಿನಲ್ಲೇ. ಹೈದರಾಬಾದಿನವರಿಗೆ ಅಂಚು ಬರೀ ಅಂಚು. ಇಲ್ಲಿ ಅದು ಒಂದು ಮನೆಯ ಮುಖ. ಒಂದೇ ಆ್ಯಪ್ ಅವಳ ಅಂಗಡಿಗೆ ಹೊಂದಿತು, ಸುವರ್ಣಾಳಿಗೆ ಹೊಂದಲಿಲ್ಲ. ಎಷ್ಟು ಜನ ನೋಡುತ್ತಾರೆ ಎಂದು ಲೆಕ್ಕ ಹಾಕುವ ಮೊದಲು, ನೋಡುವವರಲ್ಲಿ ಗುರುತು ಹಿಡಿಯುವವರು ಯಾರು ಎಂದು ಕೇಳಿಕೊಳ್ಳಬೇಕು. ನನ್ನ ವೃತ್ತಿ ಕಲಿಸಿದ್ದು ಇದನ್ನೇ.

ಸುವರ್ಣಾಳಿಗೆ ಹೆಣ್ಣು ಕೂಸು ಹುಟ್ಟಿತು, ಇಬ್ಬರೂ ಕ್ಷೇಮ. ಮಹಾದೇವಿ ಅದೇ ಸೀರೆಯ ಕುಂಚಿಗಿ ತೊಡಿಸಿ, ಮೊಬೈಲ್ ಕೈಯಲ್ಲಿ ಹಿಡಿದು, “ಅಕ್ಕಾ, ಒಂದು ವಿಡಿಯೊ?” ಎಂದಳು. ಸುವರ್ಣಾ ಮಗುವನ್ನು ನೋಡುತ್ತಲೇ, “ಬ್ಯಾಡ ಮಹಾದೇವಿ” ಎಂದಳು. ಮೊಬೈಲ್ ಚೀಲ ಸೇರಿತು. ಮಹಾದೇವಿ ಹೊಲಿದ ಕುಂಚಿಗಿಗಳಲ್ಲೆಲ್ಲ ಚೆಂದದ್ದು ಅವಳ ಖಾತೆಯಲ್ಲಿ ಇಲ್ಲ.